ಪಾಲಯ್ಯನ ಕಿವಿ

ಬಾತಿ ದಾಟಿ ಕಾರು ಗುಂಡಿಗೆ ಧಡಕ್ಕನೆ ಇಳಿದೇಳುವಷ್ಟರಲ್ಲಿ ನೆತ್ತಿಯ ಮೇಲೆ ಶುರುವಾಯಿತು: ಟಕ್, ಟಕ್, ಟಕ್. ಹಿಂದಿನ ಸೀಟಿನಲ್ಲಿ ಬಸವಣ್ಣೆಮ್ಮ ಬೆಚ್ಚಿ ಮೇಲೆ ನೋಡಿದಳು. ಪಕ್ಕದಲ್ಲಿ, ವಿಭೂತಿ ಹಚ್ಚಿ ಪಂಚೆಯಿಂದ ಸೀಟಿಗೆ ಬಿಗಿದು ಕೂರಿಸಿದ್ದ ಗಂಡ ಪಾಲಯ್ಯನ ಹೆಣ. ಬೆಳಿಗ್ಗೆ ದಾವಣಗೆರೆ ಆಸ್ಪತ್ರೆಯಲ್ಲಿ ಜೀವ ಹೋಗಿತ್ತು, ಮಣ್ಣು ಭಾನುವಳ್ಳಿಯಲ್ಲಿ. ಕಾರು ಸಾಹುಕಾರ ಬಕ್ಕೇಶಪ್ಪನವರದು. ದೇಶ ಬಿಟ್ಟುಹೋದ ಬಿಳಿ ದೊರೆಯೊಬ್ಬನಿಂದ ಹದಿನೈದು ವರ್ಷದ ಹಿಂದೆ ಕೊಂಡದ್ದು, ಮೇಲಿನ ತಗಡು ಹಿಂದಕ್ಕೆ ಸರಿದು ಆಕಾಶ ಕಾಣುವಂಥದು. ನಮ್ಮ ಬಿಸಿಲಿಗೆ ಅದನ್ನು ಯಾವ ಪುಣ್ಯಾತ್ಮ ತೆರೆಯುತ್ತಾನೆ! ಸದ್ದು ಮಾತ್ರ ತಪ್ಪಿದ್ದಲ್ಲ.

ಮುಂದೆ ಕೂತಿದ್ದ ಬಕ್ಕೇಶಪ್ಪ ತಲೆಯೆತ್ತಿದರು. "ಅಲ್ಲೋ ಅಮೀರ್ ಜಾನ್, ಹೋದ ವಾರ ಪಾಲಯ್ಯ ಇದನ್ನ ಸರಿ ಮಾಡಿದ್ನಲ್ಲೋ? ಒಂದಿಷ್ಟೂ ಸದ್ದಿಲ್ಲ ಅಂತ ಎದೆ ತಟ್ಟಿ ಹೇಳಿದ್ದ."

"ನಂಗೆ ಅವತ್ತೂ ಕೇಳ್ತಿತ್ರಿ ಸಾಹುಕಾರ್ರೆ," ಎಂದ ಡ್ರೈವರ್. "ಪಾಲಯ್ಯನೋರ ಕಿವಿಗೆ ಎದುರಾಡೋದು ಹೆಂಗೆ ಅಂತ ಸುಮ್ನಾದೆ."

"ಅವನಿಗೆ ಕೇಳದ್ದು ನಿನಗೆ ಕೇಳ್ತೇನೋ?"

ಶಿವನೇ, ಈ ಮಾತು ಇಲ್ಲಿಗೇ ನಿಲ್ಲಲಿ ಎಂದು ಬಸವಣ್ಣೆಮ್ಮ ಸೆರಗು ಕಚ್ಚಿದಳು.

*

ಪಾಲಯ್ಯ ಹನ್ನೆರಡು ವರ್ಷ ಹತ್ತಿ ಮಿಲ್ಲಿನ ಮಗ್ಗಗಳ ನಡುವೆ ದುಡಿದು ಕಿವಿ ಕಳೆದುಕೊಂಡವನು. ಗ್ಯಾರೇಜು ಹಾಕಿದ ಮೇಲೂ ಆ ಗುಟ್ಟು ಹೆಂಡತಿಗೊಬ್ಬಳಿಗೇ ಗೊತ್ತು. ಕಿವುಡ ಮೇಸ್ತ್ರಿಗೆ ಯಾರು ಗಾಡಿ ಕೊಡುತ್ತಾರೆ? ಎದುರಿನವರ ತುಟಿ ನೋಡಿಯೇ ಮಾತು ಹಿಡಿಯುವನು. ಗಿರಾಕಿ ಅತ್ತ ಹೋದೊಡನೆ ಇಬ್ಬರೂ ಕಾರು ಹತ್ತುವರು. ಅವನು ಓಡಿಸುತ್ತ ಒಂದು ಕೈಯನ್ನು ಮೇಲಿನ ತಗಡಿಗೆ ಒತ್ತುವನು. ಅವಳು ಕಿವಿಗೊಟ್ಟು, ಆ ಕೈಯ ಮಣಿಕಟ್ಟು ಹಿಡಿದು ಅತ್ತ ಇತ್ತ ಸರಿಸುವಳು. ಸದ್ದು ನಿಂತ ಕಡೆ ಗಟ್ಟಿಯಾಗಿ ಹಿಚುಕುವಳು. ಅಲ್ಲಿಗೊಂದು ಕಂಬಳಿ ಚೂರು ತುರುಕಿದರೆ ಮುಗಿಯಿತು. ಪಾಲಯ್ಯನ ಕಿವಿ ಅಂದರೆ ಕಿವಿ ಎಂದಿತು ಊರು.

"ನಾ ಸತ್ತ ಮ್ಯಾಲೂ ಹೇಳಬ್ಯಾಡ ಕಣೆ," ಎಂದಿದ್ದ.

ಹೋದ ವಾರ ಅವಳು ಜ್ವರದಿಂದ ಮಲಗಿದ್ದಳು. ಸಾಹುಕಾರರ ಕಾರನ್ನು ಅವನೊಬ್ಬನೇ ಓಡಿಸಿ ನೋಡಿಬಂದಿದ್ದ.

*

ಹರಿಹರ ದಾಟಿ ಕಾಲುವೆ ದಾರಿಗೆ ಬಿದ್ದಾಗ ಸದ್ದು ಇನ್ನೂ ಜೋರಾಯಿತು. ಬಕ್ಕೇಶಪ್ಪ ಹಿಂದೆ ತಿರುಗದೆಯೇ ಕೇಳಿದರು: "ತಪ್ಪು ತಿಳೀಬ್ಯಾಡಮ್ಮ. ನಿಜ ಹೇಳು. ಪಾಲಯ್ಯನಿಗೆ ಕಿವಿ ಕೇಳ್ತಿತ್ತಾ?"

ಅಳುವುದಕ್ಕೂ ಬಿಡದ ಹಾಳು ಸದ್ದು! ಕಣ್ಣು ಮುಚ್ಚಿ ಕಿವಿಗೊಟ್ಟಳು. ಎಡಕ್ಕೆ, ತಗಡಿನ ಹಿಂದಿನ ಅಂಚು. ಗಂಡನ ಕೈ ಇನ್ನೂ ಸೆಟೆದಿರಲಿಲ್ಲ. ಮಣಿಕಟ್ಟು ಹಿಡಿದು ಮೇಲೆತ್ತಿ, ಅವನ ಅಂಗೈಯನ್ನು ಅಲ್ಲಿಗೆ ಒತ್ತಿದಳು.

ಸದ್ದು ನಿಂತಿತು.

"ಅರೆ, ನಿಂತ್ತಲ್ಲೋ!" ಎಂದರು ಬಕ್ಕೇಶಪ್ಪ.

ಅಮೀರ್ ಜಾನ್ ಕನ್ನಡಿಯಲ್ಲಿ ಹಿಂದೆ ನೋಡಿದ. ತಗಡಿಗೊತ್ತಿದ ಹೆಣದ ಕೈ, ಅದರ ಮಣಿಕಟ್ಟು ಹಿಡಿದ ಬಸವಣ್ಣೆಮ್ಮನ ಕೈ ಕಂಡವು. ಆಮೇಲೆ ಗಾಡಿ ನಿಧಾನ ಮಾಡಿ, "ಕೇಳ್ತಿತ್ರಿ ಸಾಹುಕಾರ್ರೆ," ಎಂದ. "ಚೆನ್ನಾಗೇ ಕೇಳ್ತಿತ್ತು."

ಭಾನುವಳ್ಳಿ ಬರುವವರೆಗೂ ಬಸವಣ್ಣೆಮ್ಮ ಆ ತಣ್ಣನೆಯ ಮಣಿಕಟ್ಟನ್ನು ಗಟ್ಟಿಯಾಗಿ ಹಿಚುಕಿ ಹಿಡಿದೇ ಇದ್ದಳು.