ನಾಲ್ಕು ದಳ, ಐದು ದಳ

ಕಪ್ಪು ಚೀಲದ ಬಾಯಿ ಬಿಚ್ಚಿ ಒಳಗೆ ಕೈಹಾಕಿದ ಆರ್ಡಿಸ್‌ಗೆ ಮೈಯೆಲ್ಲ ಉರಿದುಹೋಯಿತು. ಕೈಗೆ ಸಿಕ್ಕ ಗಿಡದ ಬೇರಿನಲ್ಲಿ ಇನ್ನೂ ಹಸಿ ಮಣ್ಣಿತ್ತು, ತುದಿಯಲ್ಲಿ ತಿಳಿನೇರಳೆ ಹೂಗೊಂಚಲು. ಒಂದು ಹೂವನ್ನು ಬೆಳಕಿಗೆ ಹಿಡಿದು ಎಣಿಸಿದಳು. ಐದು ದಳ. ಇನ್ನೊಂದನ್ನು ಎಣಿಸಿದಳು. ಅದಕ್ಕೂ ಐದು.

“ಯಾರು ಹೇಳಿದ್ದು ಇದನ್ನ ಕೀಳೋಕೆ?”

“ಮೇಷ್ಟ್ರು,” ಎಂದಳು ಮರಿಸೋಲ್. ಶಾಲೆಯ ಬಸ್ಸು ಓಡಿಸುವ ಈ ಹೆಂಗಸು ಹೂವಿನ ಸಂಘದ ಕಳೆ ಕೀಳುವ ದಿನಕ್ಕೆ ಬಂದದ್ದು ಇದೇ ಮೊದಲು. ಮುಖದ ತುಂಬ ಮಣ್ಣು, ಮಾತಿನ ತುಂಬ ಹೆಮ್ಮೆ. “ಆ ದಿಬ್ಬ ಪೂರ್ತಿ ನಾನೂ ನಮ್ಮತ್ತೆನೂ ಸೇರಿ ಖಾಲಿ ಮಾಡಿದ್ವಿ, ನೋಡಿ. ಒಂದು ಕಡ್ಡಿ ಬಿಟ್ಟಿಲ್ಲ!”

ನಿಜ, ಒಂದು ಕಡ್ಡಿಯೂ ಉಳಿದಿರಲಿಲ್ಲ. ಓಕ್ ಮರಗಳ ಕೆಳಗೆ ಹೊಳೆಯವರೆಗೂ ಇಳಿದ ದಿಬ್ಬ ಬೋಳು ಬೋಳಾಗಿ ಬಿದ್ದಿತ್ತು.

ವಿಸ್ಕಾನ್ಸಿನ್ನಿನ ಆ ಊರಲ್ಲಿ ಮೇ ತಿಂಗಳು ಬಂತೆಂದರೆ ಸಂಘದವರು ಹೊಳೆಯ ಕಾಡಿಗೆ ಬಂದು ರಾಕೆಟ್ ಎಂಬ ಕಳೆ ಕೀಳುತ್ತಾರೆ. ಯಾರದೋ ಕೈತೋಟದಿಂದ ತಪ್ಪಿಸಿಕೊಂಡು ಬಂದು ಕಾಡನ್ನೇ ನುಂಗುತ್ತಿರುವ ಗಿಡ ಅದು. ಅದರ ಹೂವಿಗೆ ನಾಲ್ಕು ದಳ. ಫ್ಲಾಕ್ಸ್ ಈ ಕಾಡಿನ ಸ್ವಂತ ಮಗಳು, ಅವಳಿಗೆ ಐದು. ದೂರದಿಂದ ನೋಡಿದರೆ ಎರಡೂ ಅದೇ ನೇರಳೆ. ಅದಕ್ಕೇ ಮೇಷ್ಟ್ರಾಗಿದ್ದ ಲಾಯ್ಡ್ ಪ್ರತಿ ವರ್ಷ ಜೇಬಿನ ಹೂವಿನ ಪುಸ್ತಕವನ್ನು ಎತ್ತಿ ಹಿಡಿದು ಪಾಠ ಹೇಳುತ್ತಿದ್ದ: “ಮೊದಲು ದಳ ಎಣಿಸಿ, ಆಮೇಲೆ ಪುಟ ತೆಗೀರಿ. ಪುಸ್ತಕಾನ ಹೂವಿನ ಹತ್ರ ತಗೊಂಡು ಹೋಗಿ. ಹೂವನ್ನ ಪುಸ್ತಕದ ಹತ್ರ ತರಬೇಡಿ.” ಊರಿನ ಅರ್ಧ ಜನ ಅವನ ಜೀವಶಾಸ್ತ್ರದ ತರಗತಿಯಲ್ಲಿ ಕೂತೆದ್ದವರೇ. ಅವನ ಮಾತೆಂದರೆ ವೇದವಾಕ್ಯ.

ಸಂಘ ಹುಟ್ಟುವ ಮೊದಲೇ ಆರ್ಡಿಸ್ ಒಬ್ಬಳೇ ಆ ದಿಬ್ಬದ ಮೇಲೆ ಮಂಡಿಯೂರಿ ರಾಕೆಟ್ ಕೀಳುತ್ತಿದ್ದಳು. ಆಗ ಅಲ್ಲಿದ್ದದ್ದು ಫ್ಲಾಕ್ಸಿನ ನಾಲ್ಕೈದು ಬಡಕಲು ಗಿಡ. ವರ್ಷವರ್ಷವೂ ಅವಕ್ಕೆ ಜಾಗ ಬಿಡಿಸುತ್ತ ಬಂದಳು. ಈ ವಸಂತದಲ್ಲಿ ಮೊದಲ ಬಾರಿಗೆ ದಿಬ್ಬವೆಲ್ಲ ನೇರಳೆಯಾಗಿತ್ತು. ಮೊನ್ನೆ ಬಂದು ನೋಡಿ ಒಬ್ಬಳೇ ನಿಂತು ಅತ್ತಿದ್ದಳು. ಈ ಬೆಳಿಗ್ಗೆ ಚರ್ಚಿನಲ್ಲಿ ಪ್ಯಾನ್‌ಕೇಕ್ ಹುಯ್ಯುವ ಸರದಿ ಅವಳದಿತ್ತು. ಬರುವುದು ತಡವಾಯಿತು, ಅಷ್ಟರಲ್ಲಿ ಹೀಗಾಯಿತು.

ಲಾಯ್ಡ್ ತನ್ನ ಪಿಕಪ್ ಗಾಡಿಯ ಹಿಂಬದಿಯಲ್ಲಿ ಕೂತು ಕಾಫಿ ಕುಡಿಯುತ್ತಿದ್ದ. ಅವನ ಬೆನ್ನ ಹಿಂದೆ ಸುಡುವ ಗುಂಡಿಗೆ ಹೋಗಬೇಕಾದ ಚೀಲಗಳ ರಾಶಿ. ಆರ್ಡಿಸ್ ಗಿಡವನ್ನು ಅವನ ತೊಡೆಯ ಮೇಲೆ ಎಸೆದಳು.

“ಎಣಿಸು.”

ಅವನು ಎಣಿಸಲಿಲ್ಲ. “ಒಂದೆರಡು ಬೆರೆತು ಬಂದಿರಬಹುದು ಆರ್ಡಿಸ್.”

“ಒಂದೆರಡಾ? ದಿಬ್ಬಾನೇ ಚೀಲದಲ್ಲಿದೆಯಲ್ಲೋ!”

“ಬೆಳಿಗ್ಗೆ ನಾನೇ ಪುಸ್ತಕ ತೆಗೆದು ನೋಡ್ದೆ. ನಾಲ್ಕೇ ದಳ ಇತ್ತು.”

“ಎಲ್ಲಿ ಕೂತ್ಕೊಂಡು ನೋಡ್ದೆ?”

“ಮಂಡಿ ಬಾಧೆ ನಿಂಗೆ ಗೊತ್ತಲ್ಲ. ಮರಿಸೋಲ್ ಒಂದು ಹೂವು ತಂದು ಕೇಳಿದ್ಲು. ಇಲ್ಲೇ ಕೂತು…” ಅವನ ದನಿ ಇಳಿಯಿತು. “ಹುಳು ತಿಂದ ಹೂವು ಅದು. ಒಂದು ದಳ ಹೋಗಿತ್ತು.”

“ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಇಳಿ ಕೆಳಗೆ. ಬೇರು ಒಣಗೋ ಮುಂಚೆ ನೆಡಬೇಕು. ಸಲಿಕೆ ಎಲ್ಲಿಟ್ಟಿದ್ದೀಯ, ಮುಂದುಗಡೆನಾ?”

“ನಾನು ತಂದ್ಕೊಡ್ತೀನಿ ಇರು,” ಎಂದು ಲಾಯ್ಡ್ ಗಡಿಬಿಡಿಯಿಂದ ಎದ್ದ. ಮಂಡಿ ಬಾಧೆಯವನು ಅಷ್ಟು ಬೇಗ ಎದ್ದದ್ದೇ ತಪ್ಪಾಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಆರ್ಡಿಸ್ ಅವನಿಗಿಂತ ಮುಂಚೆ ಹೋಗಿ ಬಾಗಿಲು ತೆಗೆದಳು.

ಸೀಟಿನ ಮೇಲೆ ಒದ್ದೆ ಪತ್ರಿಕೆಯ ಪೊಟ್ಟಣವೊಂದಿತ್ತು. ಬೇರಿಗೆ ಮಣ್ಣು ಮೆತ್ತಿ, ನೀರು ಚಿಮುಕಿಸಿ, ಬಾಣಂತಿಯ ಮಗುವನ್ನು ಸುತ್ತಿದಷ್ಟು ಜೋಪಾನವಾಗಿ ಸುತ್ತಿದ್ದ. ಒಳಗೆ ಫ್ಲಾಕ್ಸಿನ ನಾಲ್ಕಾರು ಗಿಡ, ಇದ್ದುದರಲ್ಲೇ ಒಳ್ಳೆಯವು.

ಆರ್ಡಿಸ್ ಪೊಟ್ಟಣ ಎತ್ತಿಕೊಂಡು ಅವನತ್ತ ತಿರುಗಿದಳು.

“ನಿಂಗೆ ಗೊತ್ತಿತ್ತು.”

“ಆಮೇಲೆ ಆ ಕಡೆ ನಡೆದುಹೋದೆ. ಆಗ ಕಂಡಿತು. ಅಷ್ಟೊತ್ತಿಗೆ ಅರ್ಧ ಕಿತ್ತಾಗಿತ್ತು ಆರ್ಡಿಸ್.”

“ಮಿಕ್ಕರ್ಧ ಕೀಳೋವಾಗ?”

ಅವನು ಟೋಪಿ ತೆಗೆದು ಕೈಯಲ್ಲಿ ತಿರುಗಿಸಿದ. “ಎಲ್ಲಾ ಹೊಸಬರು. ಹಾಡು ಹೇಳ್ಕೊಂಡು ಕೀಳ್ತಿದ್ರು. ಹೇಗೆ ಹೇಳ್ಲಿ? ಮತ್ತೆ ಬರ್ತಾರಾ ಅವ್ರು? ಒಂದಷ್ಟು ಎತ್ತಿಟ್ಟಿದ್ದೀನಿ, ಮನೇಲಿ ಬೆಳೆಸಿ ಮುಂದಿನ ವರ್ಷ ತಂದು…”

“ಕದ್ದು ನೆಡ್ತಿದ್ದೆ. ನಿನ್ನ ಒಂದು ತಪ್ಪು ಮುಚ್ಚೋಕೆ ಇಡೀ ದಿಬ್ಬ ಸುಡ್ತಿದ್ದೆ!”

“ಮಾನದ ಪ್ರಶ್ನೆ ಕಣೇ. ನಲವತ್ತು ವರ್ಷ ಈ ಊರಿಗೆ ಪಾಠ ಹೇಳಿದೀನಿ.”

“ಹಾಗಿದ್ರೆ ಇನ್ನೊಂದು ಪಾಠ ಹೇಳು. ನೀನು ಹೇಳ್ತೀಯೋ, ನಾನು ಹೇಳ್ಲೋ?”

ಜಗಳದ ಸದ್ದಿಗೆ ಜನ ಆಗಲೇ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತಿದ್ದರು. ಲಾಯ್ಡ್ ಹೇಳಿದ. ಪುಸ್ತಕ ಎತ್ತಿ ಹಿಡಿಯಲಿಲ್ಲ, ಯಾರ ಮುಖವನ್ನೂ ನೋಡಲಿಲ್ಲ. ಹುಳು ತಿಂದ ಹೂವಿನ ವಿಷಯ ಹೇಳಿದ. ಆರ್ಡಿಸ್ ಪೊಟ್ಟಣ ಹಿಡಿದು ಎದುರಿಗೇ ನಿಂತಿದ್ದರಿಂದ ಅದನ್ನೂ ಹೇಳಿದ.

ಮರಿಸೋಲ್ ತನ್ನ ಕೈಗವಸುಗಳನ್ನೇ ನೋಡುತ್ತಿದ್ದಳು.

“ನಾನು ಕೇಳಿ ಕಿತ್ತೆ ಮೇಷ್ಟ್ರೇ,” ಎಂದಳು ಕೊನೆಗೆ. “ಗೊತ್ತಿಲ್ಲ ಅಂತ ತಾನೇ ನಿಮ್ಮ ಹತ್ರ ಬಂದಿದ್ದು? ತಪ್ಪು ಯಾರಿಗಾದ್ರೂ ಆಗುತ್ತೆ. ಆದ್ರೆ ಗೊತ್ತಾದ ಮೇಲೂ ಬಂದು ನಮ್ಮತ್ತೆ ಬೆನ್ನು ತಟ್ಟಿದ್ರಲ್ಲ, ‘ಭೇಷ್’ ಅಂತ. ಅವರೆದುರು ನಿಂತು ನಗ್ತಾ ನಗ್ತಾ ಹೇಳಿದ್ರಿ.”

ಲಾಯ್ಡ್ ಗಾಡಿಯ ಹಿಂಬದಿಯಿಂದ ಸರಿದು ದಾರಿ ಬಿಟ್ಟ.

ಒಂದಿಬ್ಬರು ತಮ್ಮ ಕಾರಿನ ಕಡೆ ಹೊರಟೇಹೋದರು. ಮರಿಸೋಲ್ ಹೋಗಲಿಲ್ಲ. ಗಾಡಿ ಹತ್ತಿ ಚೀಲಗಳನ್ನು ಒಂದೊಂದಾಗಿ ಕೆಳಕ್ಕೆ ಉರುಳಿಸಿದಳು. ಅವಳ ಅತ್ತೆ ಬಕೆಟ್ ಹಿಡಿದು ಹೊಳೆಗೆ ಇಳಿದಳು. ಆರ್ಡಿಸ್ ಸಲಿಕೆಯಿಂದ ದಿಬ್ಬದ ಮೇಲ್ತುದಿಯಿಂದ ಗುಂಡಿ ತೋಡುತ್ತ ಬಂದಳು. ಎಷ್ಟು ಬದುಕುತ್ತವೋ ಅವಳಿಗೆ ತಿಳಿಯದು. ಕೋಪ ಇಳಿಯಲಿಲ್ಲ, ಇಳಿಸಿಕೊಳ್ಳುವ ಮನಸ್ಸೂ ಅವಳಿಗಿರಲಿಲ್ಲ.

ಚೀಲಗಳಲ್ಲಿ ನಿಜವಾದ ಕಳೆಯೂ ಬೆರೆತಿತ್ತು, ಬೇರ್ಪಡಿಸಬೇಕಿತ್ತು. ಲಾಯ್ಡ್ ಕುಂಟುತ್ತ ದಿಬ್ಬದ ಬುಡಕ್ಕೆ ಬಂದ. ಮರವನ್ನು ಹಿಡಿದು, ನರಳುತ್ತ, ನೆಲಕ್ಕೆ ಕೂತ. ಯಾರೂ ಕೈ ಕೊಡಲಿಲ್ಲ. ಒಂದು ಚೀಲವನ್ನು ಮಡಿಲಿಗೆ ಎಳೆದುಕೊಂಡು ಕನ್ನಡಕ ಏರಿಸಿದ.

“ಐದು,” ಎಂದು ಗಿಡ ಎತ್ತಿ ಕೊಟ್ಟ. “ಐದು. ನಾಲ್ಕು, ಇದು ಕಳೆ. ಐದು.”

ಪಕ್ಕದಲ್ಲಿ ಮಂಡಿಯೂರಿದ್ದ ಮರಿಸೋಲ್ ಪ್ರತಿ ಗಿಡವನ್ನೂ ಅವನ ಕೈಯಿಂದ ಇಸಿದುಕೊಂಡಳು. ಕೈಗವಸು ಕಳಚಿ, ಹೂವನ್ನು ಬೆರಳಲ್ಲಿ ಹಿಡಿದು, ತಾನೂ ಒಂದು ಸಲ ಎಣಿಸಿ, ಆಮೇಲೆ ಆರ್ಡಿಸ್‌ಗೆ ದಾಟಿಸಿದಳು.