ಖಾಲಿ ಬುಟ್ಟಿಯ ಪುಟ

ಗುಂಡಿ ಅಂಗಡಿಯ ಮಧ್ಯಾಹ್ನಗಳಿಗೆ ಯಾವಾಗಲೂ ಅರೆನಿದ್ದೆ. ಭರಣಿಗಳ ತುಂಬ ಚಿಪ್ಪಿನ ಗುಂಡಿ, ಮರದ ಗುಂಡಿ, ಗಾಜಿನ ಗುಂಡಿ. ಕಿಟಕಿಯ ಬಿಸಿಲು ಅವನ್ನು ಹಾದು ಗೋಡೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳಾಗಿ ಮೆಲ್ಲಗೆ ಜರುಗುತ್ತಿತ್ತು. ಅಂಗಡಿ ಸೋದರಮಾವನದು, ಅದರ ವೆಬ್‌ಸೈಟಿನ ಕೆಲಸ ಪುಟ್ಟಿಯದು. ಒಳಕೋಣೆಯಲ್ಲಿ ಕೂತು ವೆಬ್‌ಸೈಟನ್ನು ಹೊಸ ಆವೃತ್ತಿಗೆ ಏರಿಸುತ್ತಿದ್ದವಳಿಗೆ ತಾನೂ ಆ ಬಿಸಿಲಿನ ಜೊತೆ ಎಲ್ಲಿಗೋ ತೇಲುತ್ತಿದ್ದೇನೆ ಅನ್ನಿಸಿತ್ತು.

ಗಿರಾಕಿ ಇನ್ನೂ ಏನನ್ನೂ ಆರಿಸದಿದ್ದಾಗ ಕಾಣುವ ಖಾಲಿ ಬುಟ್ಟಿಯ ಪುಟ ತೆರೆದವಳು ಥಟ್ಟನೆ ನೆಟ್ಟಗೆ ಕೂತಳು. ‘ನಿಮ್ಮ ಬುಟ್ಟಿ ಖಾಲಿ ಇದೆ.’ ಅಷ್ಟೇ. ಮಾವನ ಹೆಂಡತಿ, ಅತ್ತೆ, ಅಲ್ಲಿ ಬರೆದಿದ್ದ ಮಾತು ಮಾಯವಾಗಿತ್ತು.

ತೀರಿಹೋಗುವ ಹಿಂದಿನ ವರ್ಷ ಅತ್ತೆ ಹಟ ಹಿಡಿದು ಪುಟಗಳ ಅಚ್ಚನ್ನು, ಅಂದರೆ ಟೆಂಪ್ಲೇಟನ್ನು, ತಿದ್ದುವುದನ್ನು ಕಲಿತಿದ್ದಳು. ಮೂಲ ಟೆಂಪ್ಲೇಟಿಗೆ ಕೈ ಹಚ್ಚಬಾರದು, ಅದರ ನಕಲನ್ನು ಅದೇ ಹೆಸರಿನಲ್ಲಿ ನಮ್ಮ ಫೋಲ್ಡರಿನಲ್ಲಿಟ್ಟು ತಿದ್ದಬೇಕು. ಹೊಸ ಆವೃತ್ತಿ ಬಂದಾಗ ಮೂಲವೆಲ್ಲ ಅಳಿಸಿಹೋಗುತ್ತದೆ, ನಮ್ಮದು ಉಳಿಯುತ್ತದೆ. ಪುಟ್ಟಿ ಇದನ್ನು ನೂರು ಸಲ ಹೇಳಿದ್ದಳು. ಅತ್ತೆ ಕೇಳಬೇಕಲ್ಲ!

“ನನ್ನ ಮನೆ ಗೋಡೆಗೆ ಸುಣ್ಣ ಹೊಡಿಯೋಕೆ ಇನ್ನೊಂದು ಗೋಡೆ ಕಟ್ಟಬೇಕೇನೆ?” ಅಂದಿದ್ದಳು ಆ ಮಹಾತಾಯಿ. ಹಾಗಂದು ಮೂಲವನ್ನೇ ತಿದ್ದಿಟ್ಟಿದ್ದಳು. ಪುಟ್ಟಿಯಾದರೂ ಒಂದು ನಕಲು ತೆಗೆದಿಡಬಾರದಿತ್ತೇ? ಮಾವ ದಿನಾ ಆ ಪುಟ ಓದುತ್ತಾನೆ. ಅವನಿಗೆ ಯಾವ ಮುಖ ತೋರಿಸುವುದು?

ಆಗ ನೆನಪಾಯಿತು. ಬೆಳಿಗ್ಗೆ ತನ್ನ ಕಂಪ್ಯೂಟರಿನಲ್ಲಿ ತೆರೆದ ಪುಟವನ್ನು ಮಾವ ಮುಚ್ಚುವುದೇ ಇಲ್ಲ. ಮತ್ತೆ ಲೋಡ್ ಮಾಡುವ ತನಕ ಹಳೆಯದು ಹಾಗೇ ನಿಂತಿರುತ್ತದೆ. ಪುಟ್ಟಿ ಬಿದ್ದೆನೋ ಎದ್ದೆನೋ ಅಂತ ಮುಂದಿನ ಕೋಣೆಗೆ ಓಡಿದಳು. ಮಾವನ ಬೆರಳು ಕೀಬೋರ್ಡಿನ ಮೇಲಿತ್ತು.

“ಮುಟ್ಟಬೇಡ ಮಾವ!”

“ಅಯ್ಯೋ, ಧೂಳು ಒರೆಸ್ತಿದ್ದೆ ಕಣೆ. ಏನಾಯ್ತು?”

ಪರದೆಯ ಮೇಲೆ ಅತ್ತೆ ಇದ್ದಳು. ‘ಬುಟ್ಟಿ ಖಾಲಿ ಇದ್ರೇನಂತೆ, ಬಂದಿರಲ್ಲ. ಗುಂಡಿ ನೋಡ್ತಾ ಕೂತ್ಕೊಳ್ಳಿ, ಅವಸರ ಏನಿಲ್ಲ.’

ಮಾವನನ್ನು ಪಕ್ಕಕ್ಕೆ ಕೂರಿಸಿ, ಆದದ್ದನ್ನು ಹೇಳಿ, ಪುಟ್ಟಿ ಆ ಪುಟದ ಒಳಗಿನ ಕೋಡ್ ತೆರೆದಳು. ಅತ್ತೆಯ ಆ ಎರಡು ಸಾಲುಗಳ ನಡುವೆ ಇನ್ನೊಂದು ಸಾಲಿತ್ತು.

“ಇದೇನೆ? ನಾನು ಯಾವತ್ತೂ ನೋಡಿಲ್ವಲ್ಲ.”

“ಇದು ಗಿರಾಕಿಗಳಿಗೆ ಕಾಣಲ್ಲ ಮಾವ. ಕೆಲಸ ಮಾಡೋರಿಗೆ ಅಂತ ಬರೆದಿಡೋದು.”

ಮಾವ ಕನ್ನಡಕ ಏರಿಸಿ ಒಂದೊಂದೇ ಪದ ಓದಿದ. ‘ಪುಟ್ಟಿ, ಈ ಪುಟ ಬದಲಾಯಿಸಬೇಡ. ನಿಮ್ಮ ಮಾವ ದಿನಾ ಕದ್ದು ಬಂದು ಇದನ್ನ ಓದಿ ಹೋಗ್ತಾರೆ. ನನಗೆ ಗೊತ್ತಿಲ್ಲ ಅಂದ್ಕೊಂಡಿದಾರೆ.’

“ಗೊತ್ತಿತ್ತಾ ಇವಳಿಗೆ!” ಮಾವ ನಕ್ಕುಬಿಟ್ಟ. ನಗುನಗುತ್ತಲೇ ಕಣ್ಣು ಒರೆಸಿಕೊಂಡ. ಗೋಡೆಯ ಚುಕ್ಕಿಗಳು ಅವನ ಅಂಗಿಯ ಮೇಲೆ ಬಂದು ಕೂತಿದ್ದವು.

ಪುಟ್ಟಿ ಒಂದಕ್ಷರವೂ ಬಿಡದೆ ಎಲ್ಲವನ್ನೂ ತಮ್ಮ ಫೋಲ್ಡರಿನಲ್ಲಿ ಇಟ್ಟಳು, ಕಾಣದ ಸಾಲನ್ನೂ ಸೇರಿಸಿ.

“ಈಗ ಮತ್ತೆ ಲೋಡ್ ಮಾಡು, ಒತ್ತು ಮಾವ.”

ಅವನು ಅಂಜುತ್ತಾ ಒತ್ತಿದ. ಪರದೆ ಒಮ್ಮೆ ಬೆಳ್ಳಗಾಯಿತು. ಆಮೇಲೆ ಅತ್ತೆ ಬಂದು, ಕೂತ್ಕೊಳ್ಳಿ, ಅವಸರ ಏನಿಲ್ಲ ಅಂದಳು. ಮಾವ ಕೂತ.