ನಾಲ್ಕನೇ ರೀಲು

ಭಾನುವಾರ ಬೆಳಗಿನ ಹತ್ತರ ಆಟಕ್ಕೆ ಆ ಥಿಯೇಟರಿನಲ್ಲಿ ಹಾಕುತ್ತಿದ್ದದ್ದು ಹಳೆಯ ಸಿನಿಮಾಗಳನ್ನೇ. ಮೂವತ್ತೆಂಟು ವರ್ಷ ಅವನ್ನು ಓಡಿಸಿದ ಮಾವನ ಮೊಣಕಾಲು ಈಗ ಮೇಲಿನ ಕೋಣೆಯ ಮೆಟ್ಟಿಲು ಹತ್ತಲು ಒಲ್ಲೆ ಎಂದಿತ್ತು. ಅವನ ಕೈಕೆಳಗೆ ಎರಡು ವರ್ಷ ಕಲಿತ ಸೋದರಸೊಸೆ ಮೊದಲ ಸಲ ಒಬ್ಬಳೇ ಓಡಿಸುವವಳಿದ್ದಳು.

"ನೋಡಮ್ಮ, ಮುಚ್ಚುಮರೆ ಯಾಕೆ," ಎಂದಿದ್ದಳು ಥಿಯೇಟರಿನ ಯಜಮಾನಿ. "ನಿನ್ನ ಕೈಲಾದ್ರೆ ಈ ಮಿಷನ್ನುಗಳು ಇರ್ತವೆ. ಇಲ್ಲಾಂದ್ರೆ ಸೋಮವಾರವೇ ಎತ್ತಿಸಿ ಹೊಸ ಸಿನಿಮಾ ಹಾಕ್ತೀನಿ."

ಅಂದಿನಿಂದ ಅವಳಿಗೆ ಊಟ ಸೇರಿರಲಿಲ್ಲ.

ಮಾವನದೊಂದು ಪದ್ಧತಿ. ಆಟ ಮುಗಿದ ಮೇಲೆ ರೀಲನ್ನು ಹಿಂದಕ್ಕೆ ಸುತ್ತದೆ, ಬಾಲ, ಎಂದರೆ ಕೊನೆಯ ತುದಿ, ಹೊರಗಿದ್ದಂತೆಯೇ ಡಬ್ಬಿಗೆ ಹಾಕುವುದು. ಮುಂದೆ ಓಡಿಸುವವರು ಮೊದಲ ತುದಿ ಹೊರಬರುವಂತೆ ಅದನ್ನು ಕೈಯಾರೆ ಸುತ್ತಬೇಕು. ಸುತ್ತುತ್ತಾ ಅಂಚನ್ನು ಬೆರಳಿನಿಂದ ತಡವಿ, ಹರಿದಿದೆಯೇ ನೋಡಬೇಕು. ಶನಿವಾರ ಅವಳು ಎಂಟೂ ರೀಲು ಸುತ್ತಿದಳು. ಮನೆ ತಲುಪುವ ಮೊದಲೇ ಅನುಮಾನದ ಹುಳು ಕೊರೆಯಿತು: ನಾಲ್ಕನೆಯದರಲ್ಲಿ ಒಂದು ಜೋಡಣೆಯ ಅಂಟು ಸಡಿಲವಿತ್ತಲ್ಲ? ವಾಪಸು ಬಂದು ಅದೊಂದನ್ನು ಮತ್ತೆ ಪೂರ್ತಿ ಸುತ್ತಿ ನೋಡಿದಳು. ಅಂಟು ಗಟ್ಟಿಯಾಗಿಯೇ ಇತ್ತು. ನೆಮ್ಮದಿಯಾಗಿ ಡಬ್ಬಿ ಮುಚ್ಚಿದಳು.

ಭಾನುವಾರ ಮೊದಲ ಮೂರು ರೀಲು ಸಲೀಸಾಗಿ ಹೋದವು. ಇದೇ ಸಿನಿಮಾವನ್ನು ಮನೆಯ ಟಿವಿಯಲ್ಲಿ ನೋಡಿದ್ದಳು. ಆದರೆ ನಾಯಕಿಯ ರವಿಕೆಯ ತೋಳಿನಲ್ಲಿ ತೇಪೆ ಹಾಕಿದ ಹೊಲಿಗೆ ಕಂಡದ್ದು ಇವತ್ತೇ. ಕೋಣೆಯ ಗೋಡೆಯ ಕಿಂಡಿಯಲ್ಲಿ ಅದನ್ನೇ ನೋಡುತ್ತಾ ಮೈಮರೆತು, ತಡವಾಗಿ ನಾಲ್ಕನೇ ಡಬ್ಬಿ ತೆರೆದಳು. ಹೊರಗಿನ ತುದಿಯಲ್ಲಿ "ಕೊನೆ" ಎಂದಿತ್ತು.

ಎರಡು ಸಲ ಸುತ್ತಿದ್ದಕ್ಕೆ ಬಾಲ ಮತ್ತೆ ಹೊರಗೆ ಬಂದಿತ್ತು. ಓಡುತ್ತಿದ್ದ ಮೂರನೇ ರೀಲಿನಲ್ಲಿ ಉಳಿದದ್ದು ಮೂರು ನಿಮಿಷ. ಇದನ್ನು ಸುತ್ತಲು ಐದು ಬೇಕು.

ಐದನೇ ರೀಲು ಸಿದ್ಧವಾಗಿತ್ತು. ಅದನ್ನೇ ಹಾಕಿಬಿಟ್ಟರೆ? ಹಿಂದಿನ ಸಾಲಿನಲ್ಲಿ ಕೂತ ಯಜಮಾನಿ ಈ ಸಿನಿಮಾ ನೋಡಿದವಳಲ್ಲ, ಅವಳಿಗೆ ತಿಳಿಯುವುದೇ ಇಲ್ಲ. ಆದರೆ ನಾಯಕಿಗೆ ಕಾಗದ ಬರುವುದು ನಾಲ್ಕನೆಯದರಲ್ಲಿ. ಅದನ್ನೇ ಸುತ್ತತೊಡಗಿದಳು. ಪರದೆ ಖಾಲಿಯಾದಾಗ ದೀಪ ಹಾಕಿ ಕಿಂಡಿ ತೆರೆದಳು.

"ಎರಡು ನಿಮಿಷ ತಡೀರಿ. ರೀಲು ತಿರುಗುಮುರುಗಾಗಿದೆ. ತಪ್ಪು ನನ್ನದು."

ಮುಂದಿನ ಸಾಲಿನ ನಿವೃತ್ತ ನರ್ಸು ಕತ್ತು ತಿರುಗಿಸಿದಳು. "ನಿಧಾನವಾಗಿ ಸುತ್ತಮ್ಮ. ಅವಳು ಕಾಗದ ಓದೋದು ಇದರಲ್ಲೇ ತಾನೆ?"

"ಓದಲ್ಲ, ಹರಿದು ಹಾಕ್ತಾಳೆ," ಎಂದ ಪಕ್ಕದ ಬಡಗಿ.

"ಓದ್ತಾಳೆ ಕಣಯ್ಯ. ನಾನು ಆರು ಸಲ ನೋಡಿದೀನಿ."

"ಆರು ಸಲವೂ ಗೊರಕೆ ಹೊಡೆದಿರ್ತೀರಿ."

ಸಭೆ ಎರಡು ಪಂಗಡವಾಯಿತು. "ಬಾಯಿ ಮುಚ್ಕೊಂಡು ಕೂತ್ರೆ ಅವಳೇ ತೋರಿಸ್ತಾಳೆ," ಎಂದು ಕೆಳಗೆ ಪ್ರೇಕ್ಷಕರ ನಡುವೆ ಕೂತಿದ್ದ ಮಾವನ ದನಿ ಬಂತು. ಎಲ್ಲರೂ ನಕ್ಕರು.

ದೀಪ ಆರಿತು. ನಾಯಕಿ ಕಾಗದವನ್ನು ಓದಲೂ ಇಲ್ಲ, ಹರಿಯಲೂ ಇಲ್ಲ. ತೋಳಿನ ಹೊಲಿಗೆ ಬಿಚ್ಚಿ ಅದರೊಳಗೆ ಸೇರಿಸಿಟ್ಟಳು.

ಆಟ ಮುಗಿದ ಮೇಲೆ ಯಜಮಾನಿ ಏದುಸಿರು ಬಿಡುತ್ತಾ ಮೇಲೆ ಬಂದಳು. "ಐದನೇದು ಹಾಕಿ ನನ್ನ ಕಣ್ಣಿಗೆ ಮಣ್ಣೆರಚಬಹುದಿತ್ತು ಅಂದ ನಿಮ್ಮ ಮಾವ."

"ಹಾಕಬಹುದಿತ್ತು. ಆದ್ರೆ ನೋಡೋರಿಗೆ ಕಾಗದ ತಪ್ಪಿಹೋಗ್ತಿತ್ತು."

ಯಜಮಾನಿ ಮಿಷನ್ನಿನ ಮೇಲೆ ಕೈಯಿಟ್ಟು, ಬಿಸಿ ತಾಗಿ ತೆಗೆದಳು. "ಒಬ್ಬರೂ ಎದ್ದು ಹೋಗ್ಲಿಲ್ಲ. ಹೊಸ ಸಿನಿಮಾ ನಿಂತಿದ್ರೆ ಕುರ್ಚಿ ಮುರೀತಿದ್ರು. ಮುಂದಿನ ವಾರದ ಡಬ್ಬಿಗಳನ್ನ ಶುಕ್ರವಾರವೇ ತರಿಸ್ತೀನಿ. ನಿನಗೆ ಒಂದು ದಿನ ಸಾಲಲ್ಲ."

ಕೆಳಗೆ ಮಾವ ಇನ್ನೂ ಕುರ್ಚಿಯಲ್ಲೇ ಕೂತು ಬರಿ ಪರದೆ ನೋಡುತ್ತಿದ್ದ. "ಇಷ್ಟು ವರ್ಷ ಕಿಂಡಿಯಲ್ಲೇ ನೋಡಿದೆ ಕಣೆ," ಎಂದು ಕೂಗಿ ಹೇಳಿದ. "ಇಷ್ಟು ದೊಡ್ಡದು ಅಂತ ಗೊತ್ತೇ ಇರ್ಲಿಲ್ಲ."

ಅವಳು ರೀಲುಗಳನ್ನು ಬಾಲ ಹೊರಗಿಟ್ಟೇ ಡಬ್ಬಿಗೆ ಹಾಕಿದಳು. ನಾಲ್ಕನೆಯದನ್ನು ಇನ್ನೊಮ್ಮೆ ತೆರೆದು ನೋಡಲು ಕೈ ತುರಿಸಿತು. ಕೈಯನ್ನು ಜೇಬಿಗೆ ತೂರಿಸಿ ಕೆಳಗಿಳಿದಳು.